ಗುಜರಿಯಿಂದ ಬಂದ ಬಾಗಿಲು

ಕುಂದಾಪುರದ ನಮ್ಮ ಮನೆಯಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ಅಲ್ಲಿಂದ ಬೀಸುವ ಗಾಳಿಯಲ್ಲಿ ಉಪ್ಪಿದೆ ಎನ್ನುವುದು ಮನುಷ್ಯರಿಗಿಂತ ಮೊದಲು ಕಬ್ಬಿಣಕ್ಕೆ ಗೊತ್ತಾಗುತ್ತದೆ. ಕಿಟಕಿಯ ಸರಳು, ಗೇಟಿನ ತಿರುಗಣಿ, ಬಾವಿಯ ರಾಟೆ ಎಲ್ಲವೂ ಎರಡು ಮಳೆಗಾಲಕ್ಕೊಮ್ಮೆ ಬಣ್ಣ ಕೇಳುತ್ತವೆ. ಇಂಥ ಊರಿನಲ್ಲಿ ನನ್ನ ಅಜ್ಜ 1984ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಕೊಂಡರು. ಬುಕ್ ಮಾಡಿ ಕಾದು ತಂದ ಗಾಡಿ. ‘ಇದಕ್ಕೆ ಇವತ್ತಿನವರೆಗೆ ಒಬ್ಬನ ಸುತ್ತಿಗೆ ತಾಗಲಿಲ್ಲ’ ಎಂದು ಅವರು ಸಾಯುವವರೆಗೂ ಹೇಳಿಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆಯಲ್ಲಿ ಆರು ವರ್ಷ ನಿಂತಿತ್ತು. ನಮ್ಮ ಕಾನೂನಿನಂತೆ ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷದ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2024ರಲ್ಲಿ ನಮ್ಮ ಕಾರಿನ ಸರದಿ ಮತ್ತೆ ಬಂತು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಅಪ್ಪನಿಗೆ ಶುಲ್ಕದ ಚಿಂತೆಯಿರಲಿಲ್ಲ, ಗಾಡಿಯನ್ನು ತಪಾಸಣೆಗೆ ತೋರಿಸುವುದು ಹೇಗೆ ಎಂಬುದೇ ಚಿಂತೆ. ನಾನು ಚಾಲಕನ ಬದಿಯ ಬಾಗಿಲಿನ ಅಡಿಯಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಹಿಂದಕ್ಕೆ ಎಳೆದಾಗ ಬಿಸ್ಕತ್ತಿನ ಚೂರಿನಂತೆ ಬಣ್ಣವೂ ತುಕ್ಕೂ ಉದುರಿದವು. ‘ಗುಜರಿಗೆ ಕೊಡುವ’ ಎಂದರು ಅಪ್ಪ. ಕೊನೆಗೆ ನಾವು ಗುಜರಿಗೆ ಹೋದದ್ದು ನಿಜ. ಆದರೆ ಕೊಡಲಿಕ್ಕಲ್ಲ, ತರಲಿಕ್ಕೆ.

ನಾನು ಶಾಸನಗಳ ಮೇಲೆ ಸಂಶೋಧನೆ ಮಾಡುವವನು. ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವುಗಳನ್ನು ಸರಿಪಡಿಸುವುದು ಎಂದರ್ಥ. ದೇವರ ಪೂಜೆಗೆ, ತಪಸ್ವಿಗಳ ಊಟಕ್ಕೆ ಭೂಮಿ ಬಿಟ್ಟುಕೊಟ್ಟ ಹಾಗೆಯೇ ಈ ದುರಸ್ತಿಗೂ ದಾನ ಬಿಡುತ್ತಿದ್ದರು. ವರ್ಷಗಟ್ಟಲೆ ಆ ಪದವನ್ನು ಓದಿ, ಟಿಪ್ಪಣಿ ಬರೆದು, ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ. ಅದರ ಹಿಂದೆ ಎಷ್ಟು ಕೆಲಸ, ಎಂಥ ಕೆಲಸ ಇರುತ್ತದೆ ಎಂದು ಯೋಚಿಸಲು ಈ ಕಾರಿನ ಬಾಗಿಲೇ ಬೇಕಾಯಿತು.

ಮೊದಲು ಕಾರಿನ ವಂಶಾವಳಿ. ಇಟಲಿಯ ಫಿಯೆಟ್ ಕಂಪನಿ 1953ರಲ್ಲಿ 1100/103 ಎಂಬ ಕಾರನ್ನು ಹೊರತಂದಿತು. ಅದರ ವಿನ್ಯಾಸದ ಹಿಂದಿದ್ದವರು ಎಂಜಿನಿಯರ್ ದಾಂತೆ ಜಕೋಸಾ. ಹಳೆಯ ಕಾರುಗಳಲ್ಲಿ ಬಂಡಿಯ ಮೂಕಿಯ ಹಾಗೆ ಒಂದು ಗಟ್ಟಿ ಚೌಕಟ್ಟು ಇರುತ್ತಿತ್ತು, ಮೈಯನ್ನು ಅದರ ಮೇಲೆ ಕೂರಿಸುತ್ತಿದ್ದರು. ಹೊಸ 1100ರಲ್ಲಿ ಆ ಬೇರೆ ಚೌಕಟ್ಟೇ ಇಲ್ಲ. ನೆಲ, ಕಂಬ, ಚಾವಣಿ, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ ಎಲ್ಲವನ್ನೂ ತೆಳು ತಗಡಿನಲ್ಲಿ ಒತ್ತಿ, ಚುಕ್ಕಿ ಚುಕ್ಕಿಯಾಗಿ ಬೆಸೆದು, ಮೈಯನ್ನೇ ಎಲುಬಾಗಿಸಿದ್ದರು. ಏಡಿಯ ಚಿಪ್ಪಿನ ಹಾಗೆ. ಕಾರು ಹಗುರವಾಯಿತು, ಪೆಟ್ರೋಲು ಉಳಿಯಿತು. ಆದರೆ ಅಂದಿನಿಂದ ತುಕ್ಕು ಚರ್ಮರೋಗವಾಗಿ ಉಳಿಯಲಿಲ್ಲ, ಮೂಳೆಯ ರೋಗವಾಯಿತು.

ಈ ಕಾರು ಮುಂಬೈಗೆ ಬಂದ ಕತೆಯಲ್ಲಿ ನಮ್ಮವರೂ ಒಬ್ಬರಿದ್ದಾರೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. 1940ರಲ್ಲಿ ವಾಲ್‌ಚಂದರಿಂದ ಬೆಂಗಳೂರಿಗೆ ಸಿಕ್ಕಿದ್ದು ಮೈಸೂರು ಸಂಸ್ಥಾನದ ಪಾಲುದಾರಿಕೆಯ ವಿಮಾನ ಕಾರ್ಖಾನೆ. ಅವರ ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾದದ್ದು 1944ರಲ್ಲಿ, ಮುಂಬೈಯಲ್ಲಿ. ಕುರ್ಲಾದ ಅದರ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕಾರುಗಳ ಬಿಡಿಭಾಗ ಜೋಡಿಸಿದರು, 1950ರ ದಶಕದಲ್ಲಿ ಫಿಯೆಟ್ ಶುರುವಾಯಿತು. 1964ರಲ್ಲಿ ‘ಫಿಯೆಟ್ 1100 ಡಿಲೈಟ್’ ಬಂತು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ 1973ರಲ್ಲಿ ಅದಕ್ಕೆ ‘ಪ್ರೀಮಿಯರ್ ಪ್ರೆಸಿಡೆಂಟ್’ ಎಂದು ಹೆಸರಾಯಿತು, ಮರುವರ್ಷ ಚಿತ್ತೋಡದ ರಾಣಿಯ ಹೆಸರು ಬಂತು: ‘ಪ್ರೀಮಿಯರ್ ಪದ್ಮಿನಿ’. 2000ದ ಸುಮಾರಿಗೆ ತಯಾರಿಕೆ ನಿಂತಿತು.

ಅಂದರೆ ಸುಮಾರು 36 ವರ್ಷ ಒಂದೇ ಮೈ. ಮುಂದಿನ ಜಾಲರಿ ಬದಲಾಯಿತು, ದೀಪ ಬದಲಾದವು, ಸೀಟು ಬದಲಾಯಿತು, ಸ್ಟೀರಿಂಗ್ ಪಕ್ಕ ಇದ್ದ ಗೇರು ಕೊನೆಕೊನೆಗೆ ನೆಲಕ್ಕೆ ಬಂತು. ಆದರೆ ಚಾವಣಿಯ ಬಾಗು, ಬಾಗಿಲುಗಳ ಅಳತೆ, ಹಿಂದಿನ ರೆಕ್ಕೆ ಹೆಚ್ಚುಕಡಿಮೆ ಹಾಗೆಯೇ ಉಳಿದವು. ಇಟಲಿಯಲ್ಲಿ ಇದೇ ಮಾದರಿ 1966ಕ್ಕೇ ಹೊಸದಕ್ಕೆ ದಾರಿ ಬಿಟ್ಟಿತ್ತು. ನಮ್ಮಲ್ಲಿ ಉಳಿದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವ ಲೈಸೆನ್ಸ್ ರಾಜ್. ಎಷ್ಟು ಕಾರು ಮಾಡಬೇಕು, ಯಾವ ಯಂತ್ರ ತರಿಸಬೇಕು ಎಂಬುದಕ್ಕೆಲ್ಲ 1951ರ ಕೈಗಾರಿಕಾ ಕಾಯ್ದೆಯ ಕೆಳಗೆ ಅಪ್ಪಣೆ ಬೇಕಿತ್ತು. 1953ರಲ್ಲಿ ಸುಂಕ ಆಯೋಗದ ವರದಿಯ ನಂತರ, ಇಲ್ಲಿ ಬರೀ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್‌ನಂಥವರು ಹೊರಟುಹೋದರು. ಉಳಿದವು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಸ್ಪರ್ಧೆಯಿಲ್ಲ, ಕೊಳ್ಳುವವರು ಸಾಲಿನಲ್ಲಿ ನಿಂತಿದ್ದಾರೆ. ಹಾಗಿದ್ದಾಗ ಬದಲಾಯಿಸುವ ತುರ್ತು ಯಾರಿಗೆ? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಜನ ಬಿಡುಗಡೆಯ ಉಸಿರು ಬಿಟ್ಟರು.

ಈ ಕಾಲವನ್ನು ನಾವು ಜಡತೆಯ ಕಾಲ ಎಂದೇ ಓದಿದ್ದೇವೆ, ಮತ್ತು ಆ ಓದು ತಪ್ಪಲ್ಲ. ಆದರೆ ಟಿಂಕರಿಂಗ್ ಶೆಡ್ಡಿನಲ್ಲಿ ನಿಂತರೆ ಅದೇ ಕಾಲ ಇನ್ನೊಂದು ರೀತಿ ಕಾಣುತ್ತದೆ. 1970ರ ಕಾರಿನ ಬಾಗಿಲು ಕೊಳೆತರೆ 1995ರ ಕಾರಿನ ಬಾಗಿಲು ಅದಕ್ಕೆ ಕೂರುತ್ತದೆ. ಹೊಸ ಮಾದರಿ ಬರದೇ ಇದ್ದ ಕಾರಣಕ್ಕೆ ಹಳೆಯದು ಸಾಯಲಿಲ್ಲ. ಇಂದಿನ ಕಾರು ಕೆಲವೇ ವರ್ಷಗಳಲ್ಲಿ ರೂಪ ಬದಲಿಸುತ್ತದೆ. ನಿನ್ನೆಯ ಬಾಗಿಲು ಇವತ್ತಿನದಕ್ಕೆ ಆಗುವುದಿಲ್ಲ.

ನಮ್ಮೂರಿನ ಮೇಸ್ತ್ರಿ ಕಾರಿನ ಅಡಿ ಮಲಗಿ, ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ಎಲ್ಲ ಕಡೆ ತಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ಹಲಸಿನ ಕಾಯಿಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ತಟ್ಟಿ ಮುಗಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು: ನಾಲ್ಕು ಬಾಗಿಲಿನ ಅಡಿ, ಎರಡೂ ಬದಿಯ ಅಡಿಪಟ್ಟಿ, ಹಿಂದಿನ ಚಕ್ರದ ಕಮಾನು, ಕಾಲಿಡುವ ನೆಲ, ಬ್ಯಾಟರಿ ಕೂರುವ ತಟ್ಟೆ. ಎಲ್ಲವೂ ನೀರು ನಿಲ್ಲುವ ಜಾಗ, ಇಲ್ಲವೇ ಎರಡು ತಗಡು ಒಂದರ ಮೇಲೊಂದು ಕೂತ ಜಾಗ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ಸಿಕ್ಕರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಆ ಕೆಲಸ ಇನ್ನೂ ಚುರುಕು. ತಾಮ್ರದ ಕಿಲುಬು ಕೆಳಗಿನ ತಾಮ್ರವನ್ನು ಮುಚ್ಚಿ ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬುತ್ತದೆ, ಪದರ ಪದರವಾಗಿ ಎದ್ದು ನೀರಿಗೆ ಇನ್ನಷ್ಟು ದಾರಿ ಬಿಡುತ್ತದೆ.

‘ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಸಾಲದೇ?’ ಎಂದು ಅಪ್ಪ ಕೇಳಿದರು. ‘ತಪಾಸಣೆಗೆ ಸಾಕು. ಮಳೆಗಾಲಕ್ಕೆ ಸಾಲದು’ ಎಂದರು ಮೇಸ್ತ್ರಿ. ತೂತಿನ ಮೇಲೆ ಪುಟ್ಟಿ ಮೆತ್ತುವುದೆಂದರೆ ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗೆ. ಹೊಸ ತಗಡು ತಂದು ಸುತ್ತಿಗೆಯಲ್ಲಿ ಬಾಗಿಸಬಹುದು, ನೆಲಕ್ಕೆ ಅದೇ ಸಾಕು. ಆದರೆ ಬಾಗಿಲಿನ ಹೊರಮೈ ಎರಡು ದಿಕ್ಕಿಗೆ ಒಟ್ಟಿಗೇ ಬಾಗುತ್ತದೆ. ಕಾರ್ಖಾನೆಯ ದೊಡ್ಡ ಅಚ್ಚು ಒಂದೇ ಏಟಿಗೆ ಮಾಡಿದ ಆ ಬಾಗನ್ನು ಕೈಯಲ್ಲಿ ತರುವುದು ಬಹಳ ಕಷ್ಟ. ಹಾಗಾಗಿ ಅದೇ ಅಚ್ಚಿನಿಂದ ಬಂದ ಇನ್ನೊಂದು ತುಂಡೇ ಬೇಕು.

ಮೊದಲು ಮಂಗಳೂರಿನ ಗುಜರಿಗಳಿಗೆ ಹೋದೆವು. ಎರಡು ಪದ್ಮಿನಿ ಸಿಕ್ಕವು. ಎರಡರ ಬಾಗಿಲೂ ನಮ್ಮ ಬಾಗಿಲು ಕೊಳೆತ ಕಡೆಯಲ್ಲೇ ಕೊಳೆತಿದ್ದವು. ಒಂದೇ ಅಚ್ಚು, ಒಂದೇ ಗಾಳಿ, ಒಂದೇ ಮಳೆ. ಬೇರೆ ಉತ್ತರ ಹೇಗೆ ಬಂದೀತು? ‘ಕಡಲ ಬದಿಯಲ್ಲಿ ಹುಡುಕಬೇಡಿ, ಬಯಲುಸೀಮೆಗೆ ಹೋಗಿ’ ಎಂದರು ಅಂಗಡಿಯವರು. ಚಳಿದೇಶಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಹಳೆಯ ಕಾರಿನ ಹುಚ್ಚಿನವರು ಬಾಗಿಲು ರೆಕ್ಕೆಗಳಿಗಾಗಿ ಅರಿಜೋನಾದಂಥ ಮರಳುಗಾಡಿನ ಗುಜರಿ ಹುಡುಕುತ್ತಾರೆ. ನಮ್ಮ ಅರಿಜೋನಾ ಘಟ್ಟದ ಆಚೆಗಿತ್ತು.

ಹುಬ್ಬಳ್ಳಿಯ ಹೊರವಲಯದ ಒಂದು ಗುಜರಿಯಲ್ಲಿ, ಲಾರಿಗಳ ಮೂತಿಗಳ ನಡುವೆ, ತಿಳಿನೀಲಿ ಬಣ್ಣದ ಒಂದು ಪದ್ಮಿನಿ ಚಕ್ರವಿಲ್ಲದೆ ಕೂತಿತ್ತು. ಎಂಜಿನು ಹೋಗಿತ್ತು, ಗಾಜು ಹೋಗಿತ್ತು, ಬಿಸಿಲಿಗೆ ಚಾವಣಿಯ ಬಣ್ಣ ಸೀಮೆಸುಣ್ಣದಂತೆ ಪುಡಿಯಾಗಿತ್ತು. ನಾನು ಬಾಗಿಲ ಅಡಿಯಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ನೋಯಿತು. ಅಷ್ಟು ಸಂತೋಷದ ನೋವನ್ನು ನಾನು ಇತ್ತೀಚೆಗೆ ಅನುಭವಿಸಿರಲಿಲ್ಲ. ಗುಜರಿಯ ಯಜಮಾನರು ಅರವತ್ತು ದಾಟಿದವರು. ‘ಕಿಲೋ ಲೆಕ್ಕದಾಗ ಕೊಟ್ರ ಇದು ಕಬ್ಬಿಣ, ಬಾಗಲಾ ಅಂತ ಕೊಟ್ರ ಇದು ಬಾಗಲಾ. ನಿಮಗ ಯಾವುದು ಬೇಕ ತಮ್ಮಾ?’ ಎಂದರು. ಗುಜರಿಯ ಅರ್ಥಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದೆ. ಒಂದು ವಸ್ತು ಅಲ್ಲಿ ಎರಡು ಬೆಲೆಯ ನಡುವೆ ಕಾಯುತ್ತಿರುತ್ತದೆ. ಗುರುತಿಸುವವರು ಬಂದರೆ ಬಾಗಿಲು, ಬಾರದಿದ್ದರೆ ಕುಲುಮೆ.

ನಾಲ್ಕು ಬಾಗಿಲು, ಹಿಂದಿನ ಎರಡು ಕಮಾನು, ಎರಡೂ ಬದಿಯ ಅಡಿಪಟ್ಟಿ ಕೊಂಡೆವು. ಕತ್ತರಿಸುವಾಗ ಬೇಕಾದಕ್ಕಿಂತ ಒಂದು ಗೇಣು ಹೆಚ್ಚೇ ಕತ್ತರಿಸಬೇಕೆಂದು ಮೇಸ್ತ್ರಿ ಫೋನಿನಲ್ಲಿ ಹೇಳಿದ್ದರು. ತುಕ್ಕು ಕಣ್ಣಿಗೆ ಕಾಣುವಷ್ಟಕ್ಕೆ ನಿಂತಿರುವುದಿಲ್ಲ, ಒಳ್ಳೆಯ ತಗಡು ಸಿಗುವವರೆಗೆ ಹಳತನ್ನು ಕೊಯ್ಯುತ್ತಾ ಹೋಗಬೇಕಾಗುತ್ತದೆ. ಯಜಮಾನರು ರಸೀದಿಯಲ್ಲಿ ಆ ಕಾರಿನ ಚಾಸಿ ನಂಬರನ್ನೂ ಬರೆದುಕೊಟ್ಟರು. ಕದ್ದ ಮಾಲಲ್ಲ ಎಂಬುದಕ್ಕೆ ಸಾಕ್ಷಿ. ಕಾನೂನಿನ ಕಣ್ಣಿಗೆ ಕಾರು ಎಂದರೆ ಚಾಸಿ ಮತ್ತು ಎಂಜಿನಿನ ಮೇಲೆ ಕೊರೆದ ಅಂಕಿಗಳು. ಆ ಅಂಕಿಯಿದ್ದ ತಗಡನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಲಾರೆ ಎಂದು ನಮ್ಮ ಮೇಸ್ತ್ರಿ ಮೊದಲೇ ಹೇಳಿದ್ದರು. ದೇವಸ್ಥಾನದ ಗೋಡೆ, ಮಾಡು ಎಲ್ಲ ಬದಲಾದರೂ ಶಾಸನದ ಕಲ್ಲನ್ನು ಉಳಿಸಿಕೊಂಡ ಊರುಗಳನ್ನು ನಾನು ನೋಡಿದ್ದೇನೆ. ಅದನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡ ಊರುಗಳನ್ನೂ ನೋಡಿದ್ದೇನೆ.

ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಟ್ಟರು. ಸೀಟು, ರತ್ನಗಂಬಳಿ ಎಲ್ಲ ಹೊರಗೆ. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿದರು. ಬಾಗಿಲು ಕಳಚಿದ ಖಾಲಿ ಜಾಗಕ್ಕೆ ಅಡ್ಡಲಾಗಿ, ಕಂಬದಿಂದ ಕಂಬಕ್ಕೆ ಒಂದು ಕಬ್ಬಿಣದ ಸರಳನ್ನು ಬೆಸೆದರು. ಅಡಿಪಟ್ಟಿಯೇ ಈ ಕಾರಿನ ಬೆನ್ನೆಲುಬು. ಅದನ್ನು ಕೊಯ್ದ ಕೂಡಲೇ ಮೈ ನಡುವಿನಲ್ಲಿ ಜಗ್ಗಬಹುದು. ಒಮ್ಮೆ ಜಗ್ಗಿದರೆ ಮುಂದೆ ಯಾವ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ.

ಬಲಬದಿಯ ಅಡಿಪಟ್ಟಿಯನ್ನು ಕೊಯ್ದಾಗ ಮೇಸ್ತ್ರಿ ನನ್ನನ್ನು ಕರೆದರು. ಒಳಗೆ, ಕಾರ್ಖಾನೆಯ ತಗಡಿನ ಮೇಲೆ, ಇನ್ನೊಂದು ತಗಡಿತ್ತು. ಹಿತ್ತಾಳೆಯಲ್ಲಿ ಬೆಸೆದ ಅಂಗೈಯಗಲದ ತೇಪೆ. ತುಕ್ಕು ಒರೆಸಿದಾಗ ಅದರ ಒಳಮೈಯಲ್ಲಿ ಕೆಂಪು ಬಣ್ಣದ ಒಂದು ಅಕ್ಷರದ ಬಾಲ ಕಂಡಿತು. ಯಾವುದೋ ಎಣ್ಣೆ ಡಬ್ಬಿಯ ತಗಡು. ‘ಒಬ್ಬನ ಸುತ್ತಿಗೆ ತಾಗದ’ ಕಾರಿಗೆ ಯಾರೋ ಎಂದೋ ತೇಪೆ ಹಾಕಿದ್ದರು. ಅಜ್ಜನಿಗೆ ಗೊತ್ತಿತ್ತೇ, ಗೊತ್ತಿದ್ದೂ ಮರೆತರೇ, ಅಥವಾ ಹೇಳಿಕೊಳ್ಳುವ ಹೆಮ್ಮೆಗೆ ಅಡ್ಡಿಯಾಗಬಾರದೆಂದು ಸುಮ್ಮನಿದ್ದರೇ? ಅಪ್ಪ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಒಂದು ಮಳೆಗಾಲ ಅವರ ಹತ್ತಿರ ದುಡ್ಡಿರಲಿಲ್ಲ’ ಎಂದಷ್ಟೇ ಹೇಳಿದರು.

ನನಗೆ ಅಲ್ಲಿಯವರೆಗೆ ಒಂದು ಸಂಕಟವಿತ್ತು. ಬೇರೆ ಕಾರಿನ ಬಾಗಿಲು, ಬೇರೆ ಕಾರಿನ ಕಮಾನು ಹಾಕಿದ ಮೇಲೆ ಇದು ಅಜ್ಜನ ಕಾರು ಹೇಗಾಗುತ್ತದೆ ಎಂದು. ತೇಪೆ ನೋಡಿದ ಮೇಲೆ ಆ ಪ್ರಶ್ನೆಯ ಬಿಗಿ ಸಡಿಲವಾಯಿತು. ನಾವು ಕೆಡಿಸುತ್ತಿರುವ ಶುದ್ಧ ಮೂಲ ಎಂಬುದೊಂದು ಅಲ್ಲಿ ಇರಲೇ ಇಲ್ಲ. ಇದ್ದದ್ದು ದುರಸ್ತಿಗಳ ಒಂದು ಸಾಲು. ನಮ್ಮದು ಅದರಲ್ಲಿ ಇನ್ನೊಂದು. ಶಾಸನಗಳಲ್ಲಿ ಜೀರ್ಣೋದ್ಧಾರ ಮಾಡಿಸಿದವರು ಅದನ್ನು ಮುಚ್ಚಿಡಲಿಲ್ಲ, ಪುಣ್ಯವೆಂದು ಕಲ್ಲಿನಲ್ಲಿ ಕೆತ್ತಿಸಿದರು. ಕಟ್ಟಿದವನ ಹೆಸರಿನ ಜೊತೆಗೆ ಸರಿಪಡಿಸಿದವನ ಹೆಸರಿಗೂ ಜಾಗವಿತ್ತು. ಕಾರಿನ ಲೋಕದಲ್ಲಿ ಮಾತ್ರ ನಾವು ದುರಸ್ತಿಯನ್ನು ಬಚ್ಚಿಡಬೇಕಾದ ಕಳಂಕವೆಂದು ಕಲಿತಿದ್ದೇವೆ.

ಬೆಸುಗೆಯೂ ತಾಳ್ಮೆಯ ಕೆಲಸ. ತಗಡು ಒಂದು ಮಿಲಿಮೀಟರಿನ ಆಸುಪಾಸು. ಒಂದೇ ಕಡೆ ಬೆಂಕಿ ನಿಲ್ಲಿಸಿದರೆ ಹಪ್ಪಳದಂತೆ ಸುರುಟುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ನಡುವೆ ಇನ್ನೊಂದು. ಅಂಚನ್ನು ಉಜ್ಜಿ ಮಟ್ಟ ಮಾಡಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ, ಸತುವಿನ ಪ್ರೈಮರ್ ಬಳಿದು, ಸಂದುಗಳಿಗೆ ಸೀಲರ್ ತುಂಬಿದರು. ಪೆಟ್ಟಿಗೆಯ ಒಳಗೆ, ಕೈ ಹೋಗದ ಕಡೆ, ಉದ್ದ ಕೊಳವೆಯಿಂದ ಮೇಣ ಸಿಂಪಡಿಸಿದರು. ಸತುವಿನ ಈ ರಕ್ಷೆ ಹೊಸ ವಿದ್ಯೆಯೇನಲ್ಲ. ಪೋರ್ಷೆ ಕಂಪನಿ 1976ರ ಮಾದರಿಯಿಂದಲೇ 911 ಕಾರಿನ ಮೈಗೆ ಸತು ಲೇಪಿಸಿದ ಉಕ್ಕು ಬಳಸತೊಡಗಿತ್ತು. 1986ರಲ್ಲಿ ಆಡಿ 80 ಪೂರ್ತಿ ಸತು ಲೇಪದ ಮೈಯಲ್ಲಿ ಬಂತು. ನಮ್ಮ ಕಾರಿಗೆ ಅದು 40 ವರ್ಷ ತಡವಾಗಿ, ಕುಂಚದಲ್ಲಿ ಬಂತು.

ಆ ದಿನಗಳಲ್ಲೇ ಒಂದು ಭಾನುವಾರ ಕೊಡಚಾದ್ರಿ ಹತ್ತಿದ್ದೆ. ಅಲ್ಲಿ ಮೂಕಾಂಬಿಕೆಯ ಮೂಲಸ್ಥಾನವೆನ್ನುವ ಗುಡಿಯ ಎದುರು ಒಂದು ಹಳೆಯ ಕಬ್ಬಿಣದ ಕಂಬವಿದೆ. ಲೋಹವಿಜ್ಞಾನಿಗಳು ಅಧ್ಯಯನ ಮಾಡಿದ ಕಂಬ. ಪಶ್ಚಿಮಘಟ್ಟದ ಅಂಥ ಮಳೆಯಲ್ಲಿ, ಮಾಡಿಲ್ಲದೆ ನಿಂತಿದೆ. ಹಳ್ಳಿಯ ಕುಲುಮೆಯ ಕಬ್ಬಿಣ ಇಂದಿನ ಉಕ್ಕಿನಂಥದ್ದಲ್ಲ. ಕಂಬ ದಪ್ಪವಾಗಿದೆ, ನೀರು ನಿಲ್ಲುವ ಸಂದು ಅದರಲ್ಲಿಲ್ಲ. ನಮ್ಮ ತಗಡಿಗೆ ಆ ಭಾಗ್ಯವಿಲ್ಲ. ಕೆಲವು ವಸ್ತುಗಳು ತಾವಾಗಿ ಬಾಳುತ್ತವೆ, ಕೆಲವನ್ನು ಯಾರಾದರೂ ಬಾಳಿಸಬೇಕು.

ಈ ಬಾಳಿಸುವ ವ್ಯವಸ್ಥೆ ಈಗ ಕೊನೆಯ ಹಂತದಲ್ಲಿದೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ರಸ್ತೆಯಿಂದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಮರೆಯಾದವು. ಕೊನೆಯದಾಗಿ 2003ರಲ್ಲಿ ನೋಂದಣಿಯಾದ ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗಿಯಿತು. 2021ರಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿ ತಂದು, ನೋಂದಾಯಿತ ಕೇಂದ್ರಗಳಲ್ಲಿ ಹಳೆಯ ಗಾಡಿಗಳನ್ನು ಕಳಚುವ ನಿಯಮ ಮಾಡಿತು. ಇದಕ್ಕೆ ನ್ಯಾಯವಾದ ಕಾರಣಗಳಿವೆ. ಹಳೆಯ ಎಂಜಿನಿನ ಹೊಗೆ ಕೆಟ್ಟದ್ದು. ಅಡಿಪಟ್ಟಿ ಕೊಳೆತ ಕಾರಿನಲ್ಲಿ ಮಕ್ಕಳನ್ನು ಕೂರಿಸುವುದು ಅಪಾಯ. ಗುಜರಿಯ ಹಿತ್ತಿಲಲ್ಲಿ ಎಣ್ಣೆ, ಬ್ಯಾಟರಿಯ ಆಮ್ಲ ನೆಲಕ್ಕೆ ಹರಿಯುವುದನ್ನು ಹುಬ್ಬಳ್ಳಿಯಲ್ಲೇ ನೋಡಿದೆ. ಎಲ್ಲ ಹಳೆಯ ಕಾರುಗಳೂ ಉಳಿಯಬೇಕೆಂದು ನಾನು ಹೇಳಲಾರೆ. ಆದರೆ ಇಡೀ ಕಾರು ನೇರವಾಗಿ ಯಂತ್ರದ ಬಾಯಿಗೆ ಹೋದರೆ, ‘ಬಾಗಲಾ’ ಎಂಬ ಬೆಲೆ ಇಲ್ಲವಾಗಿ ‘ಕಿಲೋ’ ಎಂಬ ಬೆಲೆ ಮಾತ್ರ ಉಳಿಯುತ್ತದೆ. ತಟ್ಟಿ ಸದ್ದು ಕೇಳಿ ರೋಗ ಹೇಳುವ ಮೇಸ್ತ್ರಿಯ ಕಿವಿ, ಯಾವ ವರ್ಷದ ರೆಕ್ಕೆ ಯಾವ ವರ್ಷಕ್ಕೆ ಕೂರುತ್ತದೆಂದು ಬಲ್ಲ ಯಜಮಾನರ ನೆನಪು, ಇವು ಯಾವ ಕಡತದಲ್ಲೂ ಇಲ್ಲ. ನಮ್ಮ ಕೈಗಾರಿಕೆಯ ಇತಿಹಾಸವನ್ನು ನಾವು ಲೈಸೆನ್ಸು, ಕಂಪನಿ, ಮಂತ್ರಿಗಳ ಕಡೆಯಿಂದ ಬರೆದಿದ್ದೇವೆ. ಗುಜರಿಯ ಕಡೆಯಿಂದ ಬರೆಯುವ ಹೊತ್ತಿಗೆ ಆಕರಗಳೇ ಕರಗಿಹೋಗಿರುತ್ತವೆ.

ಕಾರು ತಪಾಸಣೆಯಲ್ಲಿ ಪಾಸಾಯಿತು. ಹೊರಗೆ ಈಗ ಅಜ್ಜನ ಕಾಲದ ಬಿಳಿ. ಬಾಗಿಲಿನ ಒಳಮೈಯನ್ನು, ರೆಕ್ಸಿನ್ ಹಲಗೆಯ ಹಿಂದೆ ಯಾರಿಗೂ ಕಾಣದ ಕಡೆ, ಹುಬ್ಬಳ್ಳಿಯ ತಿಳಿನೀಲಿಯಲ್ಲೇ ಬಿಡಲು ಹೇಳಿದೆ. ಮುಂದೆ ಯಾರಾದರೂ ಬಿಚ್ಚಿದರೆ ಇಲ್ಲಿ ಇನ್ನೊಂದು ಕಾರು ಸೇರಿದೆಯೆಂದು ತಿಳಿಯಲಿ. ಅಡಿಪಟ್ಟಿಯೊಳಗೆ ಮೇಸ್ತ್ರಿ ತಮ್ಮ ಹೆಸರು ಮತ್ತು ತಾರೀಖನ್ನು ಮೊಳೆಯಲ್ಲಿ ಗೀರಿ, ಅದರ ಮೇಲೆ ಪ್ರೈಮರ್ ಬಳಿದು ಮುಚ್ಚಿದರು. ನಾನು ಕೇಳಿರಲಿಲ್ಲ. ಅವರಿಗೆ ಶಾಸನದ ವಿಷಯ ಹೇಳಿಯೂ ಇರಲಿಲ್ಲ.

ಹೊರಡುವಾಗ ಅವರು ಒಂದು ಮಾತು ಹೇಳಿದರು. ಪ್ರತಿ ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಎಲೆ, ಧೂಳು ಕೂತು ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ನಮ್ಮ ಹಳೆಯ ಬಾಗಿಲುಗಳು ಕೊಳೆತದ್ದಕ್ಕೆ ಕಡಲಿಗಿಂತ ದೊಡ್ಡ ಕಾರಣ ಅದು. ಶಾಸನಗಳಲ್ಲಿ ಭೂಮಿಯನ್ನು ಬಿಡುತ್ತಿದ್ದದ್ದು ಒಂದು ಸಲದ ದುರಸ್ತಿಗಲ್ಲ, ಆ ಭೂಮಿಯ ಹುಟ್ಟುವಳಿ ವರ್ಷ ವರ್ಷವೂ ಬರಲಿ ಎಂದು. ಅದು ಈಗ ಸ್ವಲ್ಪ ಅರ್ಥವಾಗುತ್ತಿದೆ. ಈ ಸಲ ಮಳೆ ಹಿಡಿಯುವ ಮೊದಲು ಊರಿಗೆ ಹೋಗಿ, ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದುಕೊಂಡು, ನಾಲ್ಕು ಬಾಗಿಲಿನ ತೂತುಗಳನ್ನೂ ಬಿಡಿಸಿ ಬಂದೆ.